ನಾಲ್ಕು, ನಾಲ್ಕು, ಮೂರು: ಒಂದು ಫ್ರೆಂಚ್ ಕವಿತೆಯ ಲೆಕ್ಕ

ಫ್ರೆಂಚ್ ಕವಿ ಪಾಲ್ ವೆರ್ಲೇನ್ 1866ರಲ್ಲಿ ಪ್ರಕಟಿಸಿದ ‘ಶರತ್ಕಾಲದ ಹಾಡು’ ಬರೀ ಹದಿನೆಂಟು ಸಾಲಿನ ಕವಿತೆ. ಮೊದಲ ಪದ್ಯವನ್ನು ಗಟ್ಟಿಯಾಗಿ ಓದಿ ನೋಡಿ:

ಲೆ ಸಾಂಗ್ಲೊ ಲೋಂ
ದೆ ವಿಯೊಲೋಂ
ದ ಲೊತೊನ್
ಬ್ಲೆಸ ಮೋಂ ಕರ್
ದ್ಯುನ ಲಾಂಗರ್
ಮೊನೊತೊನ್

ಶರತ್ಕಾಲದ ಪಿಟೀಲುಗಳ ನೀಳ ಬಿಕ್ಕುಗಳು ಒಂದೇ ರಾಗದ ಬೇಸರದಿಂದ ನನ್ನೆದೆಯನ್ನು ಗಾಯಗೊಳಿಸುತ್ತಿವೆ ಅಂತ ಅರ್ಥ. ಅರ್ಥ ಗೊತ್ತಿಲ್ಲದಿದ್ದರೂ ‘ಒ’ಕಾರ ಮತ್ತು ಮೂಗಿನ ಸ್ವರಗಳು ಕಿವಿಗೆ ತಾಗುತ್ತವೆ, ಅಲ್ವಾ?

ನಮ್ಮ ಲಘು-ಗುರು ಲೆಕ್ಕ ಇಲ್ಲಿ ನಡೆಯುವುದಿಲ್ಲ. ಫ್ರೆಂಚ್ ಛಂದಸ್ಸಿನಲ್ಲಿ ಸಿಲಬಲ್‌ಗಳನ್ನು, ಅಂದರೆ ಒಂದೊಂದು ಸ್ವರವಿರುವ ಉಚ್ಚಾರದ ತುಣುಕುಗಳನ್ನು, ಸುಮ್ನೆ ಎಣಿಸುತ್ತಾ ಹೋಗಬೇಕು. ಉದ್ದವೋ ಗಿಡ್ಡವೋ, ಎಲ್ಲಕ್ಕೂ ಬೆಲೆ ಒಂದೇ. ಈ ಪದ್ಯದಲ್ಲಿ ಎಣಿಕೆ 4, 4, 3. ಮತ್ತೆ 4, 4, 3. ಮೂರನೆಯ ಮತ್ತು ಆರನೆಯ ಗಿಡ್ಡ ಸಾಲುಗಳು ಒಂದಕ್ಕೊಂದು ಪ್ರಾಸವಾಗಿ ಎರಡು ಅರ್ಧಗಳನ್ನು ಬೆಸೆಯುತ್ತವೆ.

ಆದರೆ ಈ ಎಣಿಕೆ ಆಡುಮಾತಿನದಲ್ಲ. ‘ವಿಯೊಲೋಂ’ ಅನ್ನೋದು ದಿನದ ಮಾತಿನಲ್ಲಿ ಎರಡೇ ಸಿಲಬಲ್. ಇಲ್ಲಿ ಅದನ್ನು ವಿ-ಯೊ-ಲೋಂ ಎಂದು ಬಿಡಿಸಿ ಮೂರು ಮಾಡಬೇಕು. ಪದದ ಕೊನೆಯಲ್ಲಿ ಬರೆದೂ ಮಾತಿನಲ್ಲಿ ನುಂಗುವ ರೋಮನ್ ಲಿಪಿಯ ‘ಇ’ ಅಕ್ಷರಕ್ಕೂ ನಿಯಮವಿದೆ. ಅದರ ಮುಂದೆ ವ್ಯಂಜನ ಬಂದರೆ ಲೆಕ್ಕಕ್ಕೆ ಉಂಟು, ಸಾಲಿನ ಕೊನೆಯಲ್ಲಿ ಬಂದರೆ ಇಲ್ಲ. ಕವಿತೆಯ ಕಟ್ಟಕಡೆಯ ಸಾಲು ‘ಸತ್ತ ಎಲೆ’, ‘ಫಯ್ ಮೋರ್ತ್’. ಆಡುಮಾತಿನಲ್ಲಿ ಎರಡೇ ಸಿಲಬಲ್. ಕವಿತೆಯಲ್ಲಿ ಫ-ಯ-ಮೋರ್ತ್, ಮೂರು. ಎಲೆ ಎನ್ನುವ ಪದದ ಕೊನೆಗೆ ಒಂದು ಸಣ್ಣ ‘ಅ’ ಉಳಿಯುತ್ತದೆ.

ಅದಕ್ಕೂ ಹಿಂದಿನ ಸಾಲು ನನಗೆ ಇಡೀ ಕವಿತೆಯ ಅತ್ಯುತ್ತಮ ಜಾಗ. ‘ಪಾರೆಯ್ ಆ ಲಾ’, ಅಂದರೆ ‘ಆ ... ಹಾಗೆ’, ಅಷ್ಟೇ. ಕೊನೆಯ ‘ಲಾ’ ಎಲೆಗೆ ಸೇರಿದ ಆರ್ಟಿಕಲ್. ವ್ಯಾಕರಣದ ಪ್ರಕಾರ ಅದನ್ನು ಎಲೆಯಿಂದ ಬಿಡಿಸುವಂತಿಲ್ಲ. ವೆರ್ಲೇನ್ ಅಲ್ಲೇ ಸಾಲು ಮುರಿದು, ಅದರ ಮೇಲೆಯೇ ಪ್ರಾಸವನ್ನೂ ಇಟ್ಟಿದ್ದಾನೆ. ಓದುವವರ ದನಿ ತುದಿಯಲ್ಲಿ ತಡವರಿಸಿ ಕೆಳಗಿನ ಸಾಲಿಗೆ ಬೀಳುತ್ತದೆ. ಎಲೆ ಬಿತ್ತು ಎಂದು ಕವಿ ಹೇಳುವುದೇ ಇಲ್ಲ. ಆ ಕೆಲಸವನ್ನು ಛಂದಸ್ಸೇ ಮಾಡುತ್ತದೆ.

ಮೊದಲ ಪದ್ಯದ ನಡುವಿನ ಸೀಳಿಗೆ ಮುಂದೆ ಬೇರೆಯೇ ಉಪಯೋಗ ಬಂತು. ಎರಡನೇ ಮಹಾಯುದ್ಧದ ನಡುವೆ, 1944ರ ಜೂನ್ 1ರಂದು ಬಿಬಿಸಿ ರೇಡಿಯೊ ಅದರ ಮೊದಲ ಮೂರು ಸಾಲು ಪ್ರಸಾರ ಮಾಡಿತು. ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನ ಗುಪ್ತ ಹೋರಾಟಗಾರರಿಗೆ ಅದು ‘ಸಿದ್ಧರಾಗಿ’ ಎಂಬ ಸೂಚನೆ. ಆ ಮೂರು ಸಾಲಿನಲ್ಲಿ ಕರ್ತೃ ಮಾತ್ರ ಇದೆ, ಕ್ರಿಯಾಪದವಿಲ್ಲ. ಕ್ರಿಯಾಪದ ಬಂದದ್ದು ಜೂನ್ 5ರ ರಾತ್ರಿ, ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ಮಿತ್ರಪಡೆಗಳು ನಡೆಸಿದ ದಾಳಿಯ ಹಿಂದಿನ ದಿನ.