ಎಂಜಿನ್ ನಿಂತರೆ ಎಂಬುದು ಎರಡನೆಯ ಪ್ರಶ್ನೆ

ಕೊಡಗಿನ ಮನೆಯೊಂದರಲ್ಲಿ ಮಗನೋ ಮಗಳೋ ಹೆಲಿಕಾಪ್ಟರ್ ಪೈಲಟ್ ಆಗುತ್ತೇನೆಂದು ಹಟ ಹಿಡಿದರೆ, ಹಿರಿಯರು ನನ್ನಂಥ ನಿವೃತ್ತ ಬೋಧಕರನ್ನು ಹುಡುಕಿಕೊಂಡು ಬರುವುದು ವಾಡಿಕೆ. ವಾಯುಪಡೆಗೆ ಹೋಗುವುದು ಇಲ್ಲಿ ಹೊಸತಲ್ಲ. ಮಡಿಕೇರಿಯ ಮಕ್ಕಳು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆಯನ್ನು ನೋಡಿಕೊಂಡೇ ಬೆಳೆಯುತ್ತಾರೆ. ಆದರೆ ತೋಟದ ಆದಾಯವನ್ನು ಶುಲ್ಕವಾಗಿ ಕಟ್ಟಿ ಖಾಸಗಿ ತರಬೇತಿಗೆ ಕಳುಹಿಸುವಾಗ ಭಯ ಬೇರೆ ಬಗೆಯದು. ಬಂದವರೆಲ್ಲರ ಮೊದಲ ಪ್ರಶ್ನೆ: ಮೇಲೆ ಹೋದಾಗ ಎಂಜಿನ್ ನಿಂತರೆ?

ನಿಂತರೆ ಇಳಿಸಬಹುದು. ಕೆಳಗೆ ಬೀಳುತ್ತಿರುವ ಹೆಲಿಕಾಪ್ಟರಿನ ರೋಟರನ್ನು ಕೆಳಗಿನಿಂದ ಬರುವ ಗಾಳಿಯೇ ತಿರುಗಿಸುತ್ತದೆ. ನೆಲದ ಹತ್ತಿರ ಬಂದಾಗ ಆ ತಿರುಗುವ ಬ್ಲೇಡುಗಳಲ್ಲಿ ಉಳಿದ ಶಕ್ತಿಯನ್ನು ಬಳಸಿ ಪೈಲಟ್ ಮೆತ್ತಗೆ ಇಳಿಸುತ್ತಾನೆ. ಇದೇ ಆಟೊರೊಟೇಷನ್. 1972ರ ಜೂನ್ 21ರಂದು ಫ್ರಾನ್ಸಿನ ಜೀನ್ ಬೂಲೆ ಲಾಮಾ ಹೆಲಿಕಾಪ್ಟರಿನಲ್ಲಿ 12,442 ಮೀಟರ್ ಎತ್ತರಕ್ಕೆ ಏರಿ ವಿಶ್ವದಾಖಲೆ ಮಾಡಿದರು. ಅಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಅಷ್ಟೂ ಎತ್ತರದಿಂದ ಅವರು ಆಟೊರೊಟೇಷನ್‌ನಲ್ಲೇ ನೆಲ ಮುಟ್ಟಿದರು. ಅದೇ ಲಾಮಾ ನಮ್ಮ ಎಚ್‌ಎಎಲ್‌ನಲ್ಲಿ ತಯಾರಾಗಿ ‘ಚೀತಾ’ ಎಂಬ ಹೆಸರಿನಲ್ಲಿ ಸಿಯಾಚಿನ್‌ನಲ್ಲಿ ದುಡಿಯಿತು.

ಆದರೆ ಲಾಮಾದ ರೋಟರ್ ಬೇರೆ, ಪುಟ್ಟ ತರಬೇತಿ ಹೆಲಿಕಾಪ್ಟರಿನ ರೋಟರ್ ಬೇರೆ. ಜಗತ್ತಿನ ಖಾಸಗಿ ಶಾಲೆಗಳಲ್ಲಿ ಬಹುಕಾಲ ಆಳಿದ್ದು ರಾಬಿನ್ಸನ್ ಆರ್22. ಫ್ರಾಂಕ್ ರಾಬಿನ್ಸನ್ ಅದನ್ನು ವಿನ್ಯಾಸಗೊಳಿಸಿದ್ದು ಖಾಸಗಿ ಓಡಾಟಕ್ಕೆ, ಶಾಲೆಗಲ್ಲ. ಅದು 1975ರಲ್ಲಿ ಮೊದಲು ಹಾರಿತು, 1979ರಲ್ಲಿ ಪ್ರಮಾಣಪತ್ರ ಪಡೆಯಿತು. ಅಗ್ಗವೆಂಬ ಕಾರಣಕ್ಕೆ ಶಾಲೆಗಳು ಅದನ್ನು ಕೊಂಡವು. ಗರಿಷ್ಠ ತೂಕ 622 ಕಿಲೋ, ಅದರಲ್ಲಿ ಯಂತ್ರದ್ದೇ ಸುಮಾರು 400. ಉಳಿದದ್ದರಲ್ಲಿ ಇಬ್ಬರು ಮನುಷ್ಯರು, ಇಂಧನ. ಕೈಲ್ ಮುಹೂರ್ತದ ಊಟ ಮುಗಿಸಿದ ಇಬ್ಬರನ್ನು ಕೂರಿಸಿದರೆ ಟ್ಯಾಂಕ್ ತುಂಬಿಸಲು ಯೋಚಿಸಬೇಕಾಗುತ್ತದೆ. ಅದರ ಎರಡು ಬ್ಲೇಡುಗಳು ಹಗುರ, ಹಾಗಾಗಿ ಅವುಗಳಲ್ಲಿ ಕೂಡಿಟ್ಟ ಶಕ್ತಿಯೂ ಕಡಿಮೆ. ಎಂಜಿನ್ ನಿಂತಾಗ, ಹೆಲಿಕಾಪ್ಟರನ್ನು ಏರಿಸಿ ಇಳಿಸುವ ಕಲೆಕ್ಟಿವ್ ಹಿಡಿಯನ್ನು ಕೆಳಗೆ ಒತ್ತಲು ಸಿಗುವ ಹೊತ್ತು ಸುಮಾರು ಒಂದು ಸೆಕೆಂಡು. ತಡವಾದರೆ ರೋಟರಿನ ವೇಗ ಇಳಿಯುತ್ತದೆ, ಗಾಳಿ ಬ್ಲೇಡಿನ ಮೈ ಬಿಟ್ಟು ಹರಿಯತೊಡಗುತ್ತದೆ. ಆಮೇಲೆ ಯಾವ ಚಾಕಚಕ್ಯತೆಯೂ ನೆರವಾಗದು.

ಈ ಅಪಾಯದ ಗೆರೆಗೆ ತಯಾರಕರೇ ಒಂದು ಲೆಕ್ಕ ಕೊಟ್ಟಿದ್ದಾರೆ. ರೋಟರಿನ ನಿಗದಿತ ವೇಗದ ಶೇಕಡಾ 80, ಅದರ ಮೇಲೆ ಪ್ರತಿ ಸಾವಿರ ಅಡಿ ಎತ್ತರಕ್ಕೆ ಶೇಕಡಾ ಒಂದರಂತೆ ಸೇರಿಸಬೇಕು. ರೋಟರಿನ ವೇಗ ಅದಕ್ಕಿಂತ ಕೆಳಗಿಳಿದರೆ ಮುಗಿಯಿತು. ಮಡಿಕೇರಿ ಸುಮಾರು 3,800 ಅಡಿ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ಗೆರೆ 84ರ ಹತ್ತಿರ. ಎಚ್ಚರಿಕೆಯ ಸದ್ದು ಕೇಳುವುದು 97ಕ್ಕೆ. ನಡುವಿನ ಅಂತರ ಬಯಲುಸೀಮೆಗಿಂತ ಇಲ್ಲಿ ಕಿರಿದು.

ಬಿಸಿಲನ್ನೂ ಸೇರಿಸಿ. ಕಾದ ಗಾಳಿಯೂ ಎತ್ತರದ ಗಾಳಿಯಂತೆ ತೆಳು. ಮಾರ್ಚ್‌ನಲ್ಲಿ, ಕಾಫಿ ಹೂಮಳೆಗೆ ಮುಗಿಲು ನೋಡುವ ಹೊತ್ತಿನಲ್ಲಿ, ಮಡಿಕೇರಿಯಲ್ಲಿ 28 ಡಿಗ್ರಿ ಇದೆಯೆಂದುಕೊಳ್ಳಿ. ಆ ಎತ್ತರಕ್ಕೆ ಪ್ರಮಾಣಿತ ತಾಪಮಾನ ಏಳು ಡಿಗ್ರಿ ಚಿಲ್ಲರೆ. ಪ್ರತಿ ಹೆಚ್ಚುವರಿ ಡಿಗ್ರಿಗೆ 120 ಅಡಿಯಂತೆ ಕೂಡಿದರೆ, ಎಂಜಿನ್ ಮತ್ತು ಬ್ಲೇಡುಗಳ ಪಾಲಿಗೆ ಅದು 6,300 ಅಡಿ ಎತ್ತರದ ಗಾಳಿ. ತಡಿಯಂಡಮೋಳ್ ಶಿಖರದ ಎತ್ತರ 1,748 ಮೀಟರ್, ಅಂದರೆ 5,735 ಅಡಿ. ಮಡಿಕೇರಿಯ ಮೈದಾನದಲ್ಲಿ ನಿಂತ ಹೆಲಿಕಾಪ್ಟರ್ ಕೊಡಗಿನ ಅತಿ ಎತ್ತರದ ತುದಿಗಿಂತಲೂ ಮೇಲಿನ ಗಾಳಿಯನ್ನು ಉಸಿರಾಡುತ್ತಿರುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಸದೆ ವಿದ್ಯಾರ್ಥಿಯನ್ನು ಹತ್ತಿಸುವ ಬೋಧಕನ ಮೇಲೆ ನನಗೆ ಗೌರವವಿಲ್ಲ.

ಇಷ್ಟಾದರೂ ಎಂಜಿನ್ ವೈಫಲ್ಯಕ್ಕೆ ಎಲ್ಲರೂ ಅಭ್ಯಾಸ ಮಾಡುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಯಂತ್ರದಲ್ಲಿ ಏನೂ ಕೆಟ್ಟಿಲ್ಲದಾಗ ಆಗುವ ಅಪಘಾತಗಳು. ಅವುಗಳಲ್ಲಿ ಕ್ರೂರವಾದದ್ದು ಮಾಸ್ಟ್ ಬಂಪಿಂಗ್.

ಎರಡು ಬ್ಲೇಡಿನ ಈ ಹೆಲಿಕಾಪ್ಟರುಗಳಲ್ಲಿ ರೋಟರ್ ಒಂದು ಕೀಲಿನ ಮೇಲೆ ತಕ್ಕಡಿಯಂತೆ ತೂಗುತ್ತದೆ, ಒಡಲು ಅದಕ್ಕೆ ನೇತುಬಿದ್ದಿರುತ್ತದೆ. ಒಡಲಿನ ಭಾರ ರೋಟರನ್ನು ಜಗ್ಗುತ್ತಿರುವಷ್ಟು ಹೊತ್ತು, ಯಾವ ದಿಕ್ಕಿಗೆ ವಾಲಬೇಕೆಂದು ಹೇಳುವ ಸೈಕ್ಲಿಕ್ ಹಿಡಿಗೆ ಯಂತ್ರ ಮಣಿಯುತ್ತದೆ. ಗುಡ್ಡ ದಾಟಿದ ಮೇಲೆ ಹಿಡಿಯನ್ನು ಜೋರಾಗಿ ಮುಂದೆ ತಳ್ಳಿದರೆ, ಅಥವಾ ಗಾಳಿಯ ಹೊಯ್ದಾಟಕ್ಕೆ ಸಿಕ್ಕಿದರೆ, ಸೀಟಿನಲ್ಲಿ ಮೈ ಹಗುರಾದಂತೆ ಅನ್ನಿಸುತ್ತದೆ. ಆಗ ರೋಟರಿನ ಮೇಲೆ ಭಾರವಿಲ್ಲ. ಬಾಲದ ರೋಟರ್ ಮಾತ್ರ ತಳ್ಳುತ್ತಲೇ ಇರುತ್ತದೆ, ಒಡಲು ಬಲಕ್ಕೆ ಉರುಳತೊಡಗುತ್ತದೆ. ಬಲಕ್ಕೆ ಉರುಳಿದರೆ ಯಾವ ಮನುಷ್ಯನ ಕೈಯೂ ಹಿಡಿಯನ್ನು ಎಡಕ್ಕೆ ಎಳೆಯುತ್ತದೆ. ಸಾವು ಬರುವುದು ಅಲ್ಲಿಂದಲೇ. ರೋಟರ್ ಎಡಕ್ಕೆ ವಾಲುತ್ತದೆ, ಒಡಲು ಬಲಕ್ಕೇ ಹೋಗುತ್ತಿರುತ್ತದೆ, ರೋಟರಿನ ಬುಡ ಅದನ್ನು ಹೊತ್ತ ಉಕ್ಕಿನ ಕಂಬಕ್ಕೆ ಬಡಿಯುತ್ತದೆ. ಕಂಬ ತುಂಡಾಗಬಹುದು, ಬ್ಲೇಡ್ ಒಡಲನ್ನೇ ಸೀಳಬಹುದು. ಮಾಡಬೇಕಾದದ್ದು, ಮೊದಲು ಹಿಡಿಯನ್ನು ಮೆಲ್ಲಗೆ ಹಿಂದಕ್ಕೆ ತಂದು ರೋಟರಿನ ಮೇಲೆ ಮತ್ತೆ ಭಾರ ಹೇರುವುದು. ಉರುಳುವಿಕೆಯನ್ನು ಆಮೇಲೆ ಸರಿಪಡಿಸುವುದು.

ಕಷ್ಟವೆಂದರೆ ಇದನ್ನು ಆಕಾಶದಲ್ಲಿ ಅಭ್ಯಾಸ ಮಾಡಿಸುವಂತಿಲ್ಲ. ಬೇಕೆಂದೇ ಆ ಸ್ಥಿತಿಗೆ ಒಯ್ಯುವುದು ನಿಷಿದ್ಧ. ನೆಲದ ಮೇಲೆ ಕೂತು ಮತ್ತೆ ಮತ್ತೆ ಹೇಳಿ ಕೈಗೆ ಹೊಸ ರೂಢಿ ಕಲಿಸಬೇಕು. ಅಮೆರಿಕದ ವಿಮಾನಯಾನ ಆಡಳಿತ 1995ರಲ್ಲಿ ಆರ್22 ಮತ್ತು ಅದೇ ಕಂಪನಿಯ ಆರ್44 ಪೈಲಟ್‌ಗಳಿಗೆಂದೇ ವಿಶೇಷ ತರಬೇತಿಯನ್ನು ಕಡ್ಡಾಯ ಮಾಡಿತು. ಆರ್22ನಲ್ಲಿ ಕಲಿಯುವ ಹೊಸಬನಿಗೆ ಒಬ್ಬನೇ ಹಾರುವ ಮುನ್ನ ಬೋಧಕನ ಜೊತೆ ಕನಿಷ್ಠ 20 ಗಂಟೆ ಬೇಕೆಂದಿತು. ನ್ಯೂಜಿಲೆಂಡಿನ ಸಾರಿಗೆ ಅಪಘಾತ ತನಿಖಾ ಆಯೋಗ 2016ರಲ್ಲಿ ರಾಬಿನ್ಸನ್ ಹೆಲಿಕಾಪ್ಟರುಗಳ ಮಾಸ್ಟ್ ಬಂಪಿಂಗ್ ಅಪಘಾತಗಳನ್ನು ತನ್ನ ನಿಗಾ ಪಟ್ಟಿಗೆ ಸೇರಿಸಿತು. ಗುಡ್ಡಗಾಡು, ಹೊಯ್ಗಾಳಿ, ಹಗುರ ಯಂತ್ರ ಎಂಬ ಮೂರೂ ಸೇರುವ ನಾಡು ಅದು. ಪುಷ್ಪಗಿರಿಯ ಸಾಲಿಗೆ ಪಡುವಣ ಗಾಳಿ ಅಪ್ಪಳಿಸಿ ಈಚೆ ಇಳಿಯುವ ಜಾಗಗಳಲ್ಲಿ ನಮ್ಮಲ್ಲೂ ಅದೇ ಕಥೆ. ಅಂಥಲ್ಲಿ ಆರ್22ನ ವೇಗವನ್ನು 60–70 ನಾಟ್‌ಗೆ ಇಳಿಸಿ ಹೋಗಬೇಕು.

ನೆಲದ ಮೇಲೂ ಒಂದು ಬಲೆಯಿದೆ. ಇಳಿಜಾರಿನಲ್ಲೋ ಕೆಸರಿನಲ್ಲೋ ಒಂದು ಕಾಲು ಸಿಕ್ಕಿಕೊಂಡು, ಇನ್ನೊಂದು ಕಾಲು ಎದ್ದರೆ ಹೆಲಿಕಾಪ್ಟರ್ ಆ ಸಿಕ್ಕ ಕಾಲಿನ ಸುತ್ತ ಮಗುಚುತ್ತದೆ. ಹೊಸಬ ಗಾಬರಿಯಿಂದ ಮೇಲಕ್ಕೆ ಎಳೆಯುತ್ತಾನೆ. ಕಲೆಕ್ಟಿವ್ ಕೆಳಗೆ ಬಿಡಬೇಕಾದ ಹೊತ್ತು ಅದು. ಸಮತಟ್ಟು ಜಾಗವೇ ಅಪರೂಪವಾದ ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಳೆಗಾಲಕ್ಕೆ ಬೇರೆಯೇ ಕಾಯಿಲೆ. ಇಪ್ಪತ್ತು ಡಿಗ್ರಿಯಲ್ಲೂ ಕಾರ್ಬ್ಯುರೇಟರಿನೊಳಗೆ ಮಂಜುಗಡ್ಡೆ ಕಟ್ಟುತ್ತದೆ ಎಂದರೆ ತೋಟದವರು ನಂಬುವುದಿಲ್ಲ. ಕಿರಿದಾದ ಕೊರಳಿನಲ್ಲಿ ಗಾಳಿ ಹಿಗ್ಗಿ, ಪೆಟ್ರೋಲ್ ಆವಿಯಾಗಿ, ಒಳಗಿನ ತಾಪ ಹತ್ತಿಪ್ಪತ್ತು ಡಿಗ್ರಿ ಕುಸಿಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಹರಳುಗಟ್ಟಿ ದಾರಿ ಮುಚ್ಚುತ್ತದೆ. ಜುಲೈನ ಭಾಗಮಂಡಲ ಇದಕ್ಕೆ ಹೇಳಿಮಾಡಿಸಿದ ಜಾಗ. ರೋಟರ್ ವೇಗ ಕಾಯುವ ಗವರ್ನರ್ ತಾನೇ ಥ್ರಾಟಲ್ ತೆರೆದು ಈ ಉಸಿರುಕಟ್ಟನ್ನು ಮರೆಮಾಚುತ್ತದೆ. ಪೈಲಟ್‌ಗೆ ತಿಳಿಯುವಾಗ ತಡವಾಗಿರುತ್ತದೆ. ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡುವ ಗುಂಡಿಯನ್ನು ಶಕ್ತಿ ಇಳಿಸುವ ಮೊದಲೇ ಎಳೆಯಬೇಕು.

ಇನ್ನು ಮಂಜು. 2021ರ ಡಿಸೆಂಬರ್ 8ರಂದು ನಮ್ಮ ನೆರೆಯ ಕೂನೂರಿನಲ್ಲಿ ಜನರಲ್ ಬಿಪಿನ್ ರಾವತ್ ಅವರಿದ್ದ ಎಂಐ-17ವಿ5 ಬಿದ್ದದ್ದು ಎಲ್ಲರಿಗೂ ನೆನಪಿದೆ. ಕಣಿವೆಯ ಹವೆ ಅನಿರೀಕ್ಷಿತವಾಗಿ ಬದಲಾಗಿ, ಮೋಡದೊಳಗೆ ಹೋಗಿ, ಪೈಲಟ್‌ಗೆ ದಿಕ್ಕುದೆಸೆಯ ಅರಿವು ತಪ್ಪಿದ್ದೇ ಕಾರಣವೆಂದು ತನಿಖೆ ಹೇಳಿತು. ಅದು ದೊಡ್ಡ ಯಂತ್ರ, ನುರಿತ ಸಿಬ್ಬಂದಿ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಉಪಕರಣ ನೋಡಿ ಹಾರಿ ಅಭ್ಯಾಸವಿಲ್ಲದ 20 ಪೈಲಟ್‌ಗಳಿಗೆ ಹೊರಗಿನ ನೋಟ ತಪ್ಪಿಸಿ ಪರೀಕ್ಷಿಸಿತು. ಸರಾಸರಿ 178 ಸೆಕೆಂಡಿನಲ್ಲಿ ಎಲ್ಲರೂ ಹಿಡಿತ ಕಳೆದುಕೊಂಡರು. ಅದು ವಿಮಾನದಲ್ಲಿ. ಕೈಬಿಟ್ಟರೆ ತಾನಾಗಿ ನೇರ ನಿಲ್ಲದ ಸಣ್ಣ ಹೆಲಿಕಾಪ್ಟರಿನಲ್ಲಿ ಅಷ್ಟು ಹೊತ್ತೂ ಸಿಗಲಾರದು. ಮಂಜು ಏರುವುದು ಕಂಡಾಗಲೇ ತಿರುಗಿಬಿಡಬೇಕು, ಇಲ್ಲವೇ ಯಾರದೋ ಗದ್ದೆಯಲ್ಲಿ ಇಳಿಸಬೇಕು. ಇಳಿಸುವಾಗ ತಂತಿಗಾಗಿ ಹುಡುಕಬೇಡಿ, ಅದು ಕಾಣುವುದಿಲ್ಲ, ಕಂಬ ಹುಡುಕಿ. ಸಿಲ್ವರ್ ಓಕ್ ನಡುವೆ ಕಂಬವೂ ಮರದಂತೆಯೇ ಕಾಣುವುದು ನಮ್ಮ ಕರ್ಮ. ಕಂಬದ ನೆತ್ತಿಯ ಮೇಲೆಯೇ ದಾಟಿದರೆ ತಂತಿ ತಗ್ಗಿನಲ್ಲಿ ಉಳಿಯುತ್ತದೆ.

ಯಂತ್ರಗಳೂ ಸುಧಾರಿಸಿವೆ. ಫ್ರಾನ್ಸಿನ ಕ್ಯಾಬ್ರಿ ಜಿ2ನಲ್ಲಿ ಮೂರು ಬ್ಲೇಡು, ಹೊಡೆತ ನುಂಗುವ ಸೀಟು, ಸುಲಭಕ್ಕೆ ಒಡೆಯದ ಇಂಧನ ಟ್ಯಾಂಕ್ ಇವೆ. ಬಿದ್ದ ಏಟಿನಿಂದ ಬದುಕಿದವರು ಬೆಂಕಿಗೆ ಸಿಕ್ಕ ಪ್ರಕರಣಗಳ ನಂತರ ರಾಬಿನ್ಸನ್ ಕೂಡ ಟ್ಯಾಂಕ್‌ಗಳೊಳಗೆ ರಬ್ಬರಿನಂಥ ಚೀಲ ಅಳವಡಿಸಿತು. ಶಾಲೆಯ ಹೆಲಿಕಾಪ್ಟರಿನಲ್ಲಿ ಅದು ಇದೆಯೇ ಎಂದು ಕೇಳುವ ಹಕ್ಕು ಶುಲ್ಕ ಕಟ್ಟುವವರಿಗಿದೆ.

ಆದರೆ ನಾನು ಮೊದಲು ಕೇಳಿಸುವ ಪ್ರಶ್ನೆ ಬೇರೆ. ಶಾಲೆಗೆ ಹೋಗಿ, ಮುಖ್ಯ ಬೋಧಕರನ್ನೇ ಕಂಡು, ಹೋದ ಮಳೆಗಾಲದಲ್ಲಿ ಹವೆಯ ಕಾರಣಕ್ಕೆ ಎಷ್ಟು ಹಾರಾಟ ರದ್ದು ಮಾಡಿದಿರಿ ಎಂದು ಕೇಳಿ. ಪುಸ್ತಕ ತೆರೆದು ತೋರಿಸಿದರೆ ಮಾತು ಮುಂದುವರಿಸಿ. ನಮ್ಮಲ್ಲಿ ಹಾರಾಟ ನಿಲ್ಲುವುದೇ ಇಲ್ಲ ಎಂದು ಹೆಮ್ಮೆಯಿಂದ ಹೇಳಿದರೆ ಅವರು ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ.