ಡೌನ್ ಸ್ಲೀಪಿಂಗ್ ಬ್ಯಾಗ್ ನೆನೆಯದಂತೆ ಕಾಯಲು ರೈನ್ ಕವರ್ ಸಾಕೇ?

ಪ್ರಶ್ನೆ: ಜುಲೈ ಕೊನೆಯಲ್ಲಿ ಮೂವರು ಗೆಳೆಯರು ಹಿಮಾಚಲ ಪ್ರದೇಶದ ಹಾಮ್ಟಾ ಪಾಸ್ ಚಾರಣಕ್ಕೆ ಹೊರಟಿದ್ದೇವೆ. ಸಾಮಾನನ್ನು ನಾವೇ ಹೊರುತ್ತೇವೆ. ಮೊದಲ ಬಾರಿಗೆ ಹಕ್ಕಿಯ ತುಪ್ಪಳ ತುಂಬಿದ ಡೌನ್ ಸ್ಲೀಪಿಂಗ್ ಬ್ಯಾಗ್ ಕೊಂಡಿದ್ದೇನೆ. ಅದು ನೆನೆದರೆ ಕಥೆ ಮುಗಿಯಿತು ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಬೆನ್ನುಚೀಲಕ್ಕೆ ರೈನ್ ಕವರ್ ಇದೆ. ಅಷ್ಟು ಸಾಕೇ?

ಸಾಲದು. ರೈನ್ ಕವರ್ ಬೆನ್ನುಚೀಲದ ಹೊರಮೈಯನ್ನು ಮುಚ್ಚುತ್ತದೆ, ನಿಮ್ಮ ಬೆನ್ನಿಗೆ ತಾಗುವ ಬದಿ ತೆರೆದೇ ಇರುತ್ತದೆ. ಎರಡು ಗಂಟೆ ಮಳೆಯಲ್ಲಿ ನಡೆದರೆ ಕುತ್ತಿಗೆಯಿಂದ ಇಳಿದ ನೀರು ಭುಜದ ಪಟ್ಟಿಗಳ ಗುಂಟ ಹರಿದು, ಹೊಲಿಗೆಗಳಲ್ಲಿ ಒಳನುಸುಳಿ ತಳಕ್ಕೆ ಸೇರುತ್ತದೆ. ಸ್ಲೀಪಿಂಗ್ ಬ್ಯಾಗ್ ಇರುವುದೂ ಅಲ್ಲಿಯೇ. ಕಣಿವೆಯ ಗಾಳಿ ಜೋರಾಗಿ ಬೀಸಿದರೆ ಕವರ್ ಹಾರಿಹೋಗುವುದೂ ಉಂಟು. ಆದ್ದರಿಂದ ರೈನ್ ಕವರನ್ನು ಮೊದಲ ತಡೆ ಎಂದಷ್ಟೇ ಎಣಿಸಿ, ನಿಜವಾದ ಕಾವಲನ್ನು ಚೀಲದ ಒಳಗೆ ಇಡಿ.

ನಿಮ್ಮ ಗೆಳೆಯರ ಹೆದರಿಕೆಗೆ ಕಾರಣವಿದೆ. ಡೌನ್ ಎಂದರೆ ಹೆಬ್ಬಾತು ಅಥವಾ ಬಾತುಕೋಳಿಯ ಎದೆಯಲ್ಲಿ, ಗರಿಗಳ ಅಡಿಯಲ್ಲಿ ಬೆಳೆಯುವ ತುಪ್ಪಳ. ಗರಿಗಿರುವ ಗಟ್ಟಿ ದೇಟು ಇದಕ್ಕಿಲ್ಲ. ನಡುವಿನಿಂದ ಎಲ್ಲ ದಿಕ್ಕಿಗೂ ಚಾಚಿದ ಸೂಕ್ಷ್ಮ ಎಳೆಗಳು ಗಾಳಿಯನ್ನು ಹಿಡಿದಿಡುತ್ತವೆ. ನಮ್ಮನ್ನು ಬೆಚ್ಚಗಿಡುವುದು ಆ ಗಾಳಿಯೇ. ಬ್ಯಾಗಿನ ಮೇಲೆ 800 ಫಿಲ್ ಪವರ್ ಎಂದು ಬರೆದಿದ್ದರೆ, ಅದರೊಳಗಿನ ತುಪ್ಪಳ ಒಂದು ಔನ್ಸಿಗೆ, ಅಂದರೆ ಸುಮಾರು 28 ಗ್ರಾಂಗೆ, 800 ಘನ ಅಂಗುಲ ಜಾಗ ತುಂಬುತ್ತದೆ ಎಂದು ಅರ್ಥ. ಲೆಕ್ಕ ಹಾಕಿದರೆ 13 ಲೀಟರು! ನೀರು ತಾಗಿದಾಗ ಎಳೆಗಳು ಒಂದಕ್ಕೊಂದು ಅಂಟಿ, ಅಷ್ಟೂ ಉಬ್ಬು ಇಳಿದು, ಹೊಲಿಗೆಯ ಮನೆಗಳಲ್ಲಿ ಮುದ್ದೆಗಳಷ್ಟೇ ಉಳಿಯುತ್ತವೆ. ನೆನೆದರೂ ಒಂದಿಷ್ಟು ಬೆಚ್ಚಗಿಡುವ ಗುಣ ಉಣ್ಣೆಗಿದೆ. ನಮ್ಮ ಮಲೆನಾಡಿನ ಹಿರಿಯರು ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದರು. ಡೌನ್‌ನಿಂದ ಆ ಸೇವೆಯನ್ನು ನಿರೀಕ್ಷಿಸುವಂತಿಲ್ಲ. ನೀರು ಹಿಡಿಯದಂತೆ ಸಂಸ್ಕರಿಸಿದ ಡೌನ್ ಕೂಡ ನೆನೆಯುವುದನ್ನು ತಡಮಾಡುತ್ತದೆಯೇ ಹೊರತು ತಪ್ಪಿಸುವುದಿಲ್ಲ.

ಈಗ ಒಳಗಿನ ಕಾವಲಿನ ವಿಚಾರ. ಬೆನ್ನುಚೀಲಕ್ಕಿಂತ ಒಂದೂವರೆ ಪಟ್ಟಾದರೂ ಎತ್ತರವಿರುವ, ಹೊಲಿಗೆಯಿಲ್ಲದ ದಪ್ಪ ಪಾಲಿಥೀನ್ ಚೀಲವೊಂದನ್ನು ಪ್ಯಾಕಿಂಗ್ ಸಾಮಗ್ರಿಯ ಅಂಗಡಿಯಲ್ಲಿ ಕೊಳ್ಳಿ. ಅದನ್ನು ಬೆನ್ನುಚೀಲದೊಳಗೆ ತಳದವರೆಗೆ ಇಳಿಸಿ. ಮೊದಲು ಸ್ಲೀಪಿಂಗ್ ಬ್ಯಾಗ್, ಅದರ ಮೇಲೆ ರಾತ್ರಿ ತೊಡುವ ಒಣ ಬಟ್ಟೆ. ಗಾಳಿಯನ್ನು ಒತ್ತಿ ಹೊರಹಾಕಿ, ಬಾಯಿಯನ್ನು ಹಗ್ಗದಂತೆ ತಿರುಚಿ, ಮಡಚಿ ಬದಿಗೆ ಸಿಕ್ಕಿಸಿ. ರೈನ್‌ಕೋಟ್, ತಿಂಡಿ, ಔಷಧಿ, ನೀರು ಎಲ್ಲವೂ ಈ ಪಾಲಿಥೀನ್ ಚೀಲದ ಹೊರಗೆ ಮೇಲ್ಗಡೆ ಇರಲಿ. ಮಳೆಯಲ್ಲಿ ಅವುಗಳಿಗಾಗಿ ಒಳಚೀಲದ ಬಾಯಿ ಬಿಚ್ಚುವ ಪ್ರಸಂಗವೇ ಬರಬಾರದು. ಬೆಳಿಗ್ಗೆ ಕಳಚಿದ ಒದ್ದೆ ಟೆಂಟಿನ ಹೊರಹಾಳೆ ಬೆನ್ನುಚೀಲದ ಹೊರಜೇಬಿನಲ್ಲಿ ಇರತಕ್ಕದ್ದು. ಇದರಲ್ಲಿ ರಾಜಿ ಬೇಡ.

ಇನ್ನೂ ಭದ್ರತೆ ಬೇಕೆಂದರೆ ಸ್ಲೀಪಿಂಗ್ ಬ್ಯಾಗಿಗೇ ಒಂದು ಡ್ರೈ ಬ್ಯಾಗ್, ಅಂದರೆ ನೀರು ಒಳಗಿಳಿಯದ ಚೀಲ, ಕೊಳ್ಳಬಹುದು. ಅದರ ಬಾಯಿಯನ್ನು ಮೂರು ನಾಲ್ಕು ಸುತ್ತು ಸುರುಳಿ ಸುತ್ತಿ ಬಕಲ್ ಹಾಕಬೇಕು, ಅಷ್ಟು ಸುತ್ತಲು ಜಾಗ ಉಳಿಯದ ಹಾಗೆ ತುಂಬಬಾರದು. ಚೀಲ ಯಾವುದೇ ಇರಲಿ, ಸ್ಲೀಪಿಂಗ್ ಬ್ಯಾಗನ್ನು ನೀಟಾಗಿ ಮಡಿಸಲು ಹೋಗಬೇಡಿ. ಪ್ರತಿದಿನ ಒಂದೇ ಗೆರೆಯಲ್ಲಿ ಮಡಿಸಿದರೆ ಆ ಗೆರೆಯಲ್ಲೇ ಬಟ್ಟೆಯೂ ತುಪ್ಪಳವೂ ಸವೆಯುತ್ತವೆ. ಪಾದದ ತುದಿಯಿಂದ ಆರಂಭಿಸಿ ಹಿಡಿಹಿಡಿಯಾಗಿ ತುರುಕಿ. ಒಳಗಿನ ಗಾಳಿ ತಲೆಯ ಬದಿಯಿಂದ ಹೊರಹೋಗುತ್ತದೆ. ಪಟ್ಟಿಗಳನ್ನು ಎಳೆದು ಕಲ್ಲಿನಂತೆ ಬಿಗಿಯುವ ಅಗತ್ಯವಿಲ್ಲ. ಸ್ವಲ್ಪ ಸಡಿಲವಿದ್ದರೆ ಬೆನ್ನುಚೀಲದ ಮೂಲೆಗಳಿಗೆ ತಾನೇ ಹೊಂದಿಕೊಂಡು ಕೂರುತ್ತದೆ, ಹೊರೆಯೂ ಅಲುಗಾಡುವುದಿಲ್ಲ.

ಇಷ್ಟು ಮಾಡಿದರೆ ಮಳೆಯ ಚಿಂತೆ ಬಹುಮಟ್ಟಿಗೆ ತೀರಿತು. ಆದರೆ ಯಾರೂ ನಿಮ್ಮನ್ನು ಹೆದರಿಸದ ಇನ್ನೊಂದು ನೀರಿದೆ, ಅದು ನಿಮ್ಮ ಮೈಯಿಂದಲೇ ಬರುತ್ತದೆ. ಬೆವರದೆ ಮಲಗಿದರೂ ಚರ್ಮದಿಂದ ಮತ್ತು ಉಸಿರಿನಿಂದ ರಾತ್ರಿಯಿಡೀ ಆವಿ ಹೊರಡುತ್ತಲೇ ಇರುತ್ತದೆ, ಎರಡೂ ಸೇರಿ ಹೆಚ್ಚೂಕಡಿಮೆ ಒಂದು ಲೋಟದಷ್ಟು. ಚಳಿ ಪ್ರದೇಶದಲ್ಲಿ ಅದರ ಒಂದು ಪಾಲು ತುಪ್ಪಳದ ಹೊರಪದರಕ್ಕೆ ಬರುವಷ್ಟರಲ್ಲಿ ತಣಿದು ನೀರಾಗಿ ಅಲ್ಲೇ ಉಳಿಯುತ್ತದೆ. ಒಂದು ರಾತ್ರಿಯಲ್ಲಿ ಏನೂ ತಿಳಿಯುವುದಿಲ್ಲ. ನಾಲ್ಕನೆಯ ರಾತ್ರಿ, ಅದೇ ಬ್ಯಾಗಿನಲ್ಲಿ ಯಾಕೆ ನಡುಗುತ್ತಿದ್ದೇನೆ ಎಂದು ಅಚ್ಚರಿಯಾಗುತ್ತದೆ.

1911ರ ಅಂಟಾರ್ಕ್ಟಿಕ್ ಚಳಿಗಾಲದಲ್ಲಿ ಬ್ರಿಟಿಷ್ ಧ್ರುವ ಅನ್ವೇಷಕ ಸ್ಕಾಟ್ ತಂಡದ ವಿಲ್ಸನ್, ಬೋವರ್ಸ್ ಮತ್ತು ಚೆರಿ-ಗ್ಯಾರಾರ್ಡ್ ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಕೇಪ್ ಕ್ರೋಜಿಯರ್‌ಗೆ ಹೋಗಿ ಬಂದರು. ಸುಮಾರು ಐದು ವಾರಗಳ ಪಯಣ. ಹೊರಡುವಾಗ ಸುಮಾರು 8 ಕಿಲೋ ತೂಗುತ್ತಿದ್ದ ಅವರ ಹಿಮಸಾರಂಗ ಚರ್ಮದ ಮಲಗುಚೀಲಗಳಲ್ಲಿ ಎರಡು, ಮರಳುವ ಹೊತ್ತಿಗೆ ದುಪ್ಪಟ್ಟಿಗೂ ಮೀರಿ ಭಾರವಾಗಿದ್ದವು. ಕೂಡಿಕೊಂಡದ್ದೆಲ್ಲ ಅವರದೇ ಬೆವರು ಮತ್ತು ಉಸಿರಿನ ಮಂಜುಗಡ್ಡೆ. ಸೂರ್ಯನೇ ಹುಟ್ಟದ ಆ ಕತ್ತಲಲ್ಲಿ ಒಣಗಿಸುವ ದಾರಿ ಅವರಿಗಿರಲಿಲ್ಲ.

ನಿಮಗೆ ಸೂರ್ಯನಿದ್ದಾನೆ, ಅವನನ್ನು ಬಳಸಿಕೊಳ್ಳಿ. ಎದ್ದ ಕೂಡಲೇ ಬ್ಯಾಗನ್ನು ತುರುಕಬೇಡಿ. ಒಳಗೆ ಬೆಚ್ಚನೆಯ ತೇವದ ಗಾಳಿ ತುಂಬಿರುತ್ತದೆ. ಜಿಪ್ ಬಿಚ್ಚಿ, ಪಾದದಿಂದ ತಲೆಯ ಕಡೆಗೆ ಒತ್ತುತ್ತಾ ಆ ಗಾಳಿಯನ್ನು ಹೊರದೂಡಿ, ನಿಮ್ಮ ತಿಂಡಿ ಮುಗಿಯುವವರೆಗೆ ಹರಡಿಡಿ. ಮಧ್ಯಾಹ್ನ ಬಿಸಿಲು ಕಂಡ ಕಡೆ ನಿಂತು, ಒಳಮೈ ಹೊರಗೆ ಮಾಡಿ ಒಣ ಬಂಡೆಯ ಮೇಲೆ ಅರ್ಧ ಗಂಟೆ ಹಾಸಿ. ಗಾಳಿಗೆ ಹಾರದಂತೆ ತುದಿಗೆ ಕಟ್ಟು ಹಾಕಿ. ನನ್ನ ಮಟ್ಟಿಗೆ, ಇಡೀ ಚಾರಣದಲ್ಲಿ ಬ್ಯಾಗಿಗಾಗಿ ಮಾಡುವ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಹಾಮ್ಟಾ ದಾರಿ ಇದಕ್ಕೆ ಅನುಕೂಲವಾಗಿದೆ. ಜೋಬ್ರಾ, ಚೀಕಾ, ಬಾಲೂ ಕಾ ಘೇರಾದವರೆಗಿನ ಕುಲು ಬದಿ ಹಸಿರು, ಜುಲೈನಲ್ಲಿ ಮಳೆ ಖಚಿತವೆಂದೇ ತಿಳಿಯಿರಿ. ಸುಮಾರು 4,270 ಮೀಟರ್ ಎತ್ತರದ ಪಾಸ್ ದಾಟಿದರೆ ಲಾಹೌಲ್, ಮಳೆ ನೆರಳಿನ ಬೋಳು ಬೆಟ್ಟಗಳ ಸೀಮೆ. ಕುಲು ಬದಿಯ ತೇವವನ್ನೆಲ್ಲ ಆಚೆ ಬದಿಯ ಬಿಡಾರಗಳಾದ ಶಿಯಾ ಗೋರು ಅಥವಾ ಛತ್ರುವಿನ ಬಿಸಿಲಿನಲ್ಲಿ ಕಳೆಯಬಹುದು. ಆದರೆ ಅತಿ ಚಳಿಯ ರಾತ್ರಿಗಳು ಪಾಸ್‌ನ ಆಸುಪಾಸಿನವೇ. ಹಾಗಾಗಿ ಅದಕ್ಕೂ ಮೊದಲು ಬಿಸಿಲು ಹತ್ತೇ ನಿಮಿಷ ಇಣುಕಿದರೂ ಬಿಡಬೇಡಿ.

ರಾತ್ರಿ ಮೂಗು ಬಾಯಿ ಬ್ಯಾಗಿನ ಹೊರಗಿರಲಿ. ಮುಖಕ್ಕೆ ಚಳಿಯೆಂದು ಒಳಗೆ ಉಸಿರಾಡಿದರೆ ನೀವೇ ನೀರು ಚಿಮುಕಿಸಿದಂತೆ. ಮಂಕಿ ಟೋಪಿ ಹಾಕಿಕೊಳ್ಳಿ. ಟೆಂಟಿನ ಗಾಳಿಕಿಂಡಿಗಳನ್ನು ಮುಚ್ಚಬೇಡಿ, ಮುಚ್ಚಿದರೆ ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕುತ್ತದೆ. ಮೈಶಾಖಕ್ಕೆ ಒಣಗಲಿ ಎಂದು ಒದ್ದೆ ಕಾಲುಚೀಲವನ್ನು ಬ್ಯಾಗಿನೊಳಗೆ ಇಟ್ಟುಕೊಳ್ಳುವ ಅಭ್ಯಾಸವೂ ಬೇಡ. ಅದರ ನೀರು ತುಪ್ಪಳಕ್ಕೇ ಹೋಗುತ್ತದೆ. ನಾನು ಒಮ್ಮೆ ಪಾದದ ಬಳಿ ಬಿಸಿನೀರಿನ ಬಾಟಲಿ ಇಟ್ಟು ಮಲಗಿದ್ದೆ. ಮುಚ್ಚಳದ ರಬ್ಬರು ಜರುಗಿದ್ದನ್ನು ನೋಡಿರಲಿಲ್ಲ. ನಡುರಾತ್ರಿ ಪಾದದ ಭಾಗವೆಲ್ಲ ತಣ್ಣನೆಯ ಮುದ್ದೆ. ಅಂದಿನಿಂದ ಬಾಟಲಿಯನ್ನು ತಲೆಕೆಳಗು ಮಾಡಿ ಒಂದು ನಿಮಿಷ ಹಿಡಿದು ನೋಡದೆ ಒಳಗಿಡುವುದಿಲ್ಲ.

ಎಷ್ಟು ಎಚ್ಚರವಿದ್ದರೂ ಹಳ್ಳ ದಾಟುವಾಗ ಬಿದ್ದು ಬ್ಯಾಗ್ ಪೂರ್ತಿ ನೆನೆದರೆ, ಅದನ್ನು ಹಿಂಡಬೇಡಿ, ಒಂದು ತುದಿ ಹಿಡಿದು ಎತ್ತಲೂಬೇಡಿ. ನೀರು ಕುಡಿದ ತುಪ್ಪಳದ ಭಾರಕ್ಕೆ ಒಳಗಿನ ಬಟ್ಟೆಯ ತಡಿಕೆಗಳು ಹರಿಯುತ್ತವೆ. ಅಡಿಯಿಂದ ಎರಡೂ ಕೈಯಲ್ಲಿ ಎತ್ತಿ, ಅಂಗೈಯಿಂದ ಒತ್ತಿ ನೀರು ಇಳಿಸಿ, ಬಿಸಿಲಿಗೆ ಹಾಕಿ. ಗಾದಿ ಮಾಡುವವರು ಅರಳೆ ಹಿಂಜುವ ಹಾಗೆ ಗಂಟುಗಳನ್ನು ಬೆರಳಿನಿಂದ ಬಿಡಿಸುತ್ತಲೇ ಇರಬೇಕು. ಸಂಜೆಯೊಳಗೆ ಒಣಗದಿದ್ದರೆ ಸಂಕೋಚ ಬಿಟ್ಟು ಜೊತೆಗಾರರಿಗೆ ಹೇಳಿ. ಒಣ ಬಟ್ಟೆ ಹಂಚಿಕೊಂಡು, ಇಬ್ಬರ ನಡುವೆ ಮಲಗಿ, ಮರುದಿನ ಎತ್ತರಕ್ಕೆ ಏರದೆ ಕೆಳಗಿಳಿಯಿರಿ. ಆ ಎತ್ತರದಲ್ಲಿ ಒದ್ದೆ ಹಾಸಿಗೆ ಜೀವಕ್ಕೇ ಅಪಾಯ.

ಇದೇ ಬ್ಯಾಗನ್ನು ಕುಮಾರ ಪರ್ವತಕ್ಕೂ ಒಯ್ಯಬಹುದೇ ಎಂದು ಮುಂದೆ ನಿಮಗೆ ಅನ್ನಿಸಬಹುದು. ಮಳೆಗಾಲದ ಪಶ್ಚಿಮ ಘಟ್ಟದಲ್ಲಿ ಗಾಳಿಯೇ ನೀರಾಗಿರುತ್ತದೆ, ಚಳಿ ಅಷ್ಟಿರುವುದಿಲ್ಲ. ಅಲ್ಲಿಗೆ ಕೃತಕ ನಾರು ತುಂಬಿದ ಸಿಂಥೆಟಿಕ್ ಬ್ಯಾಗೇ ಸರಿ.

ಮನೆಗೆ ಮರಳಿದ ದಿನವೇ ಬ್ಯಾಗನ್ನು ಚೀಲದಿಂದ ಹೊರತೆಗೆದು ಎರಡು ದಿನ ಫ್ಯಾನಿನ ಕೆಳಗೆ ಹರಡಿ. ಆಮೇಲೆ ಹಳೆಯ ಹತ್ತಿ ಬೆಡ್‌ಶೀಟಿನಿಂದ ದೊಡ್ಡ ಚೀಲ ಹೊಲಿಸಿ, ಅದರಲ್ಲಿ ಸಡಿಲವಾಗಿ ತುಂಬಿ ಅಟ್ಟದ ಮೇಲಿಡಿ. ಚಾರಣದ ಐದಾರು ದಿನ ಬಿಗಿದಿಟ್ಟರೆ ತುಪ್ಪಳ ಮತ್ತೆ ಅರಳುತ್ತದೆ, ಹತ್ತು ತಿಂಗಳು ಬಿಗಿದಿಟ್ಟರೆ ಮೊದಲಿನಂತೆ ಅರಳುವುದಿಲ್ಲ.