ಕಾರ್ಬ್ಯುರೇಟರ್ ಹೋಯ್ತು, ಟಿಪಿಐ ಬಂತು, ಅದೂ ಹೋಯ್ತು: 300 ಇಎಕ್ಸ್‌ಸಿ ಬದಲಾದ ಬಗೆ

ಬಳ್ಳಾರಿ ಕಡೆ ಟೂ ಸ್ಟ್ರೋಕ್ ಅಂದ್ರೆ ಇವತ್ತಿಗೂ ಆರ್‌ಎಕ್ಸ್ 100. ಆದರೆ ಸಂಡೂರಿನ ಗುಡ್ಡದ ಕಲ್ಲುದಾರಿಗೆ ಅದು ಸಾಲಲ್ಲ ಅನ್ನಿಸಿದವರು ಕೊನೆಗೆ ಬಂದು ನಿಲ್ಲೋದು ಕೆಟಿಎಂ 300 ಇಎಕ್ಸ್‌ಸಿ ಅನ್ನೋ ಟೂ ಸ್ಟ್ರೋಕ್ ಡರ್ಟ್ ಬೈಕ್ ಹತ್ತಿರ. ಆಮೇಲೆ ಶುರು: ಯಾವ ವರ್ಷದ್ದು ತರಿಸಬೇಕು?

ಬೋರ್ (ಸಿಲಿಂಡರ್ ಅಗಲ) 72 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 72 ಮಿ.ಮೀ., 293 ಸಿಸಿ. ಈ ಲೆಕ್ಕ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಬದಲಾಗಿದ್ದು ಪೆಟ್ರೋಲ್ ಒಳಗೆ ಹೋಗುವ ದಾರಿ.

2016ರವರೆಗೆ ಕೆಯಿಹಿನ್ ಕಂಪನಿಯ 36 ಮಿ.ಮೀ. ಕಾರ್ಬ್ಯುರೇಟರ್, ಅಂದ್ರೆ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ. 60 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಅಂದ್ರೆ ಲೀಟರಿಗೆ 16-17 ಎಂಎಲ್, ನಾವೇ ಬೆರೆಸಬೇಕು. ಆ ಮಿಶ್ರಣ ಕ್ರ್ಯಾಂಕ್‌ಕೇಸ್ (ಪಿಸ್ಟನ್ ಕೆಳಗಿನ ಕೋಣೆ) ಮೂಲಕ ಹಾದು ಬೇರಿಂಗ್‌ಗಳಿಗೆ ಜಿಡ್ಡು ಕೊಡುತ್ತಾ ಮೇಲೆ ಹೋಗುತ್ತದೆ. 2017ರಲ್ಲಿ ಎಂಜಿನ್ನೇ ಹೊಸದು. ಬ್ಯಾಲೆನ್ಸರ್ ಶಾಫ್ಟ್ ಬಂದು ಕೈ ಜುಮ್ಮೆನ್ನಿಸುವ ನಡುಕ ಕಡಿಮೆ ಆಯ್ತು, ನನ್ನ ಪ್ರಕಾರ ಇಷ್ಟೂ ವರ್ಷಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಬದಲಾವಣೆ ಇದೇ. ಜೊತೆಗೆ ಬಂದ ಮಿಕುನಿ 38 ಕಾರ್ಬ್ಯುರೇಟರ್ ಮಾತ್ರ ಸವಾರರನ್ನು ಜೆಟ್ (ಪೆಟ್ರೋಲ್ ಎಷ್ಟು ಹರಿಯಬೇಕು ಅಂತ ಅಳೆಯುವ ಪುಟ್ಟ ತೂತಿನ ಬಿಡಿಭಾಗ) ಬದಲಿಸುವುದರಲ್ಲೇ ಸುಸ್ತು ಮಾಡಿತು.

ಜೆಟ್ಟಿಂಗ್ ತಲೆನೋವು ನಮ್ಮ ಕಡೆ ಜಾಸ್ತಿ. ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಗಾಳಿ ತೆಳು, ಮಿಶ್ರಣ ರಿಚ್ (ಪೆಟ್ರೋಲ್ ಜಾಸ್ತಿ), ಪ್ಲಗ್ ಬಿಚ್ಚಿದರೆ ಮಸಿ ಮೆತ್ತಿಕೊಂಡು ಒದ್ದೆಯಾಗಿರುತ್ತದೆ. ಆ ಬಿಸಿಲಿಗೆ ಅಂತ ಸಣ್ಣ ಜೆಟ್ ಹಾಕಿ ಹಾಗೇ ಬಿಟ್ಟರೆ ಡಿಸೆಂಬರ್ ಬೆಳಗಿನ ಚಳಿಗೆ ಅದೇ ಗಾಡಿ ಲೀನ್ (ಪೆಟ್ರೋಲ್ ಕಡಿಮೆ) ಓಡಿ ಪಿಸ್ಟನ್ ಹಿಡಿದುಕೊಳ್ಳಬಹುದು.

ಟೂ ಸ್ಟ್ರೋಕ್‌ನಲ್ಲಿ ಒಂದಿಷ್ಟು ಪೆಟ್ರೋಲ್ ಸುಡದೇ ಸೈಲೆನ್ಸರ್ ಪಾಲಾಗುತ್ತದೆ, ಯುರೋಪಿನ ಯೂರೋ 4 ನಿಯಮ ಹಿಡಿದದ್ದು ಈ ಹೊಗೆಯನ್ನೇ. 2018ರ ಮಾಡೆಲ್‌ಗೆ ಟಿಪಿಐ (ಟ್ರಾನ್ಸ್‌ಫರ್ ಪೋರ್ಟ್ ಇಂಜೆಕ್ಷನ್) ಬಂದಿದ್ದು ಅದಕ್ಕೆ. ಎರಡು ಇಂಜೆಕ್ಟರ್‌ಗಳು ಟ್ರಾನ್ಸ್‌ಫರ್ ಪೋರ್ಟ್‌ಗೇ, ಅಂದ್ರೆ ಕ್ರ್ಯಾಂಕ್‌ಕೇಸ್‌ನಿಂದ ಸಿಲಿಂಡರ್‌ಗೆ ಹೋಗುವ ದಾರಿಗೇ, ಪೆಟ್ರೋಲ್ ಚಿಮುಕಿಸುತ್ತವೆ. ಗಾಳಿಯ ಒತ್ತಡ, ಬಿಸಿ ನೋಡಿ ಇಸಿಯು (ಎಂಜಿನ್ ಕಂಪ್ಯೂಟರ್) ಲೆಕ್ಕ ಹಾಕುವುದರಿಂದ ಜೆಟ್ ಡಬ್ಬಿ ಮನೆಯಲ್ಲೇ ಬಿಡಬಹುದು. ಆದರೆ ಪೆಟ್ರೋಲ್ ಈಗ ಕ್ರ್ಯಾಂಕ್‌ಕೇಸ್ ಕಡೆ ಹೋಗಲ್ಲ ಅಲ್ವಾ, ಬೇರಿಂಗ್‌ಗೆ ಜಿಡ್ಡು ಕೊಡಲು ಬೇರೆ ಟ್ಯಾಂಕು, ಆಯಿಲ್ ಪಂಪು ಬೇಕಾಯಿತು. ಪಂಪ್ ಕೈ ಕೊಟ್ಟರೆ ಎಂಜಿನ್ ಕಥೆ ಮುಗಿಯಿತು.

2024ರಲ್ಲಿ ಟಿಬಿಐ (ಥ್ರಾಟಲ್ ಬಾಡಿ ಇಂಜೆಕ್ಷನ್). ಇಂಜೆಕ್ಟರ್‌ಗಳು ಗಾಳಿ ಒಳಬರುವ 39 ಮಿ.ಮೀ. ಥ್ರಾಟಲ್ ಬಾಡಿಗೆ ಬಂದವು, ಪೆಟ್ರೋಲ್ ಮತ್ತೆ ಕ್ರ್ಯಾಂಕ್‌ಕೇಸ್ ದಾರಿ ಹಿಡಿಯಿತು, ಆಯಿಲ್ ಪಂಪ್ ಮಾತ್ರ ಹಾಗೇ ಉಳಿಯಿತು. ಪವರ್ ವಾಲ್ವ್ (ಹೊಗೆ ಹೊರಹೋಗುವ ದಾರಿಯ ಕವಾಟ) ತೆರೆಯಲು ಈಗ ಎಲೆಕ್ಟ್ರಿಕ್ ಮೋಟಾರ್. ಕಿಕ್ಕರ್ ಹೋಯ್ತು, ಗುಡ್ಡದ ಮೇಲೆ ಬ್ಯಾಟರಿ ಸತ್ತರೆ ಒದೆಯಲು ಏನೂ ಇಲ್ಲ. ಇಲ್ಲೊಂದು ಗೊಂದಲ ಇದೆ: ಇದೇ ಕುಟುಂಬದ ಮೋಟೋಕ್ರಾಸ್ ಎಸ್‌ಎಕ್ಸ್ ಗಾಡಿಗೆ 2023ರಲ್ಲೇ ಟಿಬಿಐ ಬಂದರೂ ಅದಕ್ಕೆ ಆಯಿಲ್ ಪಂಪ್ ಇಲ್ಲ, ಕೈಯಲ್ಲೇ ಬೆರೆಸಬೇಕು. ಎರಡೂ ಒಂದೇ ಅಂದುಕೊಂಡು ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಗೋವಿಂದ.

2024ರ ನವೆಂಬರಿನಲ್ಲಿ ಕೆಟಿಎಂ ಭಾರತಕ್ಕೆ ತಂದ ಡರ್ಟ್ ಬೈಕ್‌ಗಳಲ್ಲಿ ಟೂ ಸ್ಟ್ರೋಕ್ ಅಂದ್ರೆ 50, 65, 85 ಎಸ್‌ಎಕ್ಸ್, ಮಕ್ಕಳ ಅಳತೆಯವು; 300 ಇಎಕ್ಸ್‌ಸಿ ಅದರಲ್ಲಿಲ್ಲ. ಇಎಕ್ಸ್‌ಸಿ ಸಾಲಿನಿಂದ ಬಂದ 350 ಇಎಕ್ಸ್‌ಸಿ-ಎಫ್ ಫೋರ್ ಸ್ಟ್ರೋಕ್. ಇವ್ಯಾವನ್ನೂ ರಸ್ತೆಗೆ ಇಳಿಸುವಂತಿಲ್ಲ.

ದುಡ್ಡಿದ್ದರೆ ಟಿಬಿಐ, ಸಂಶಯವೇ ಬೇಡ. ಇಲ್ಲದಿದ್ದರೆ 2016ರ ಕೆಯಿಹಿನ್ ಗಾಡಿ ನೋಡಿ; ಅದರ ಕಾರ್ಬ್ಯುರೇಟರ್ ಆರ್‌ಎಕ್ಸ್ ಬಿಚ್ಚಿ ಪಳಗಿದ ಮೆಕ್ಯಾನಿಕ್ ಕೈಗೂ ಒಗ್ಗುತ್ತದೆ. ಹಳೇ ಟಿಪಿಐ ಸಿಕ್ಕರೆ ಲ್ಯಾಪ್‌ಟಾಪ್ ಹಚ್ಚಿ ನೋಡುವವರು ಹತ್ತಿರದಲ್ಲಿ ಇದ್ದಾರಾ ಅಂತ ಮೊದಲು ವಿಚಾರಿಸಿ, ಆಮೇಲೆ ರೇಟು ಮಾತಾಡಿ. ಯಾವುದೇ ತಗೊಂಡರೂ ಅದಿರಿನ ಕೆಂಪು ಧೂಳಲ್ಲಿ ಓಡಿಸಿ ಬಂದ ದಿನವೇ ಫೋಮ್ ಫಿಲ್ಟರ್ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಇಡಿ.